ಮುಟ್ಟಿದ್ದು ಯಾರು?

ವೈದ್ಯರು ನೋವೆಲ್ಲಿ ಎಂದು ಕೇಳುತ್ತಾರೆ, ವಕೀಲರು ಯಾವತ್ತಿನಿಂದ ಎಂದು ಕೇಳುತ್ತಾರೆ. ಸಾಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ದರ್ಜಿಯೊಬ್ಬರ ಅಂಗಡಿಯ ನೆತ್ತಿಯ ಮೇಲೆ, ಡಿ.ಟಿ.ಪಿ. ಕೇಂದ್ರವೆಂದು ಹೆಸರಿಟ್ಟುಕೊಂಡ ಹತ್ತಡಿಯ ಕೋಣೆಯಲ್ಲಿ ಕುಳಿತ ಶಿಲ್ಪಶ್ರೀ ಮಾತ್ರ, ಗಿರಾಕಿ ಕಡಿದಾದ ಮೆಟ್ಟಿಲು ಹತ್ತಿ ಏದುಸಿರಿನ ನಡುವೆ ಪೆನ್ ಡ್ರೈವ್ ಚಾಚುವುದಕ್ಕೂ ಮೊದಲೇ, ಪರದೆಯಿಂದ ಕಣ್ಣು ಕೀಳದೆ, "ಮುಟ್ಟಿದ್ದು ಯಾರು?" ಎಂದು ಕೇಳುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಆಕೆಯದು ಇದೊಂದೇ ಪ್ರಶ್ನೆ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕುಗಳ ಸಮಸ್ತ ನಾಗರಿಕರದೂ ಒಂದೇ ಉತ್ತರ: "ನಾವ್ಯಾರೂ ಮುಟ್ಟಿಲ್ಲ, ತಾನಾಗೇ ಹಿಂಗಾಯ್ತು." ಈ ಉತ್ತರವನ್ನು ಆಕೆ ಒಂದು ದಿನವೂ ನಂಬಿದವಳಲ್ಲ. "ತಾನಾಗಿ ಕೆಡೋಕೆ ಇದೇನು ಹಲಸಿನ ಹಣ್ಣಾ ಸಾರ್?" ಎಂದು ಒಮ್ಮೆ ನನ್ನನ್ನೇ ಕೇಳಿದ್ದಳು. ಮುಟ್ಟಿಲ್ಲವೆಂದು ದೇವರಾಣೆ ಹಾಕುವುದರಲ್ಲಿದ್ದೆ, ಮುಟ್ಟಿದ್ದೆ.

ನಲವತ್ತನಾಲ್ಕು ವಯಸ್ಸಿನ ಶಿಲ್ಪಶ್ರೀಯನ್ನು ಪೇಟೆಯಲ್ಲಿ ಬೆನ್ನ ಕಡೆಯಿಂದಲೂ ಗುರುತಿಸಬಹುದು. ಕೋಣೆಯ ನೆಲದ ಮೇಲೆ ಹಾವಿನ ಹಿಂಡಿನಂತೆ ಬಿದ್ದುಕೊಂಡಿರುವ ತಂತಿಗಳನ್ನು ದಾಟಿ ದಾಟಿ, ಸಮತಟ್ಟಾದ ರಸ್ತೆಯಲ್ಲೂ ಒಂದೊಂದು ಹೆಜ್ಜೆಯನ್ನು ಅರ್ಧ ಗೇಣು ಮೇಲೆತ್ತಿಯೇ ಇಡುವುದು ಆಕೆಗೆ ಅಭ್ಯಾಸವಾಗಿಬಿಟ್ಟಿದೆ. ಗದ್ದೆಯ ಕೆಸರಿನಲ್ಲಿ ಕೊಕ್ಕರೆ ನಡೆಯುವ ಗಾಂಭೀರ್ಯ ಅದು. ಸೀರೆಯ ಮೇಲೆ ಬೇಸಗೆಯಲ್ಲೂ ಕಳಚದ ಒಂದು ಗಂಡಸರ ಖಾಕಿ ಕೋಟು. ಕೋಟು ಆಕೆಯ ತಂದೆಯದು. ಅವರು ಇದೇ ಓಣಿಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಎಡ ಜೇಬಿನ ಅಂಚಿನಲ್ಲಿ ಅವರ ಹೆಬ್ಬೆರಳಿನ ಮಸಿ ಇನ್ನೂ ಇದೆ. "ಅಪ್ಪನ ಕಾಲದಲ್ಲಿ ಫೋಟೋ ಅಂದ್ರೆ ಲೋಹದ ಬ್ಲಾಕು ಸಾರ್. ಕೈಯಲ್ಲಿ ಹಿಡೀಬಹುದಿತ್ತು, ಕಾಲ ಮೇಲೆ ಬಿದ್ರೆ ನೋಯ್ತಿತ್ತು. ಕಳೆದುಹೋಯ್ತು ಅಂದ್ರೆ ಯಾರೋ ಹೊತ್ತುಕೊಂಡು ಹೋಗಿದಾರೆ ಅಂತ ಅರ್ಥ," ಎನ್ನುವಾಗ ಆಕೆಯ ಧ್ವನಿಯಲ್ಲಿರುವುದು ಗತಕಾಲದ ವ್ಯಾಮೋಹವಲ್ಲ, ಬರೀ ಆಯಾಸ. ಆ ಕಾಲಕ್ಕೆ ಹುಟ್ಟಿದ್ದರೆ ಸಂಜೆ ಆರಕ್ಕೆ ಮನೆಗೆ ಹೋಗಬಹುದಿತ್ತಲ್ಲ ಎಂಬ ಸರಳ ಲೆಕ್ಕ.

ಆಕೆಯ ಆಯಾಸದ ಮೂಲವನ್ನು ಓದುಗರಿಗೆ ಹೇಳಬೇಕಾದರೆ ನನ್ನ ಮಾನವನ್ನೇ ಸ್ವಲ್ಪ ಹರಾಜಿಗಿಡಬೇಕು. ನನ್ನ ಹರಟೆಗಳ ಸಂಕಲನವೊಂದರ ಕರಡು ಅಚ್ಚಿಗೆ ಹೋಗುವ ಮುನ್ನಾದಿನ, ಹಿಂಬದಿಯ ರಕ್ಷಾಪುಟದಲ್ಲಿ ನನ್ನ ಮುಖವಿರಬೇಕಾದ ಕಡೆ ಒಂದು ಖಾಲಿ ಚೌಕವೂ ಅದರ ಮೂಲೆಯಲ್ಲೊಂದು ಕೆಂಪು ಕಾಟೂ ಕಾಣಿಸಿಕೊಂಡಿದ್ದವು. "ಇದೇ ಇರಲಿ, ಹೋಲುತ್ತೆ," ಎಂದಳು ನನ್ನ ಹೆಂಡತಿ. ಶಿಲ್ಪಶ್ರೀ ಆಗ ಕೊಟ್ಟ ವಿವರಣೆ ಇಷ್ಟು: ಕಡತ ಭಾರವಾಗಿ ಯಂತ್ರ ಕುಂಟದಿರಲೆಂದು ಕೆಲವೊಮ್ಮೆ ಚಿತ್ರವನ್ನು ಪುಟದೊಳಗೆ ಕೂರಿಸುವುದಿಲ್ಲ, ಚಿತ್ರದ ಮನೆಯ ವಿಳಾಸವನ್ನು ಮಾತ್ರ ಬರೆದಿಡುತ್ತಾರೆ. ಪುಟ ತೆರೆದಾಗಲೆಲ್ಲ ಯಂತ್ರ ಅಂಚೆಯವನ ಹಾಗೆ ಆ ವಿಳಾಸಕ್ಕೆ ಹೋಗಿ ಚಿತ್ರವನ್ನು ಕರೆತರುತ್ತದೆ. ನಾನು ಶಿಸ್ತಿನ ಹುಚ್ಚು ಹತ್ತಿದ ಒಂದು ಭಾನುವಾರ ಫೋಟೋ ಇದ್ದ ಫೋಲ್ಡರನ್ನು ಬೇರೆ ಕಡೆ ಸರಿಸಿದ್ದೆ. ಅಂಚೆಯವನು ಬಾಗಿಲು ತಟ್ಟಿದ್ದಾನೆ, ಒಳಗೆ ಯಾರೂ ಇಲ್ಲ, ಕಾಟು ಹಾಕಿ ಹಿಂದಿರುಗಿದ್ದಾನೆ.

ಒಂದು ಚಿತ್ರವಾದರೆ ಕೈಯಿಂದಲೇ ಸರಿಪಡಿಸಬಹುದು. ಮುನ್ನೂರಾದರೆ ಆಕೆ ಮ್ಯಾಕ್ರೊ ಬರೆಯುತ್ತಾಳೆ. ಮುನ್ನೂರು ಸಲ ಮಾಡಬೇಕಾದ ಕೆಲಸವನ್ನು ಒಂದು ಸಲ ಬರೆದು ಯಂತ್ರದ ಕೈಗೇ ಕೊಡುವ ಆಜ್ಞಾಪತ್ರಕ್ಕೆ ಆ ಹೆಸರು. ಆಕೆಯ ಹಟವೆಂದರೆ ಈ ಆಜ್ಞೆಗಳನ್ನು ಮೊದಲು ಇನ್ನೂರು ಪುಟದ ಗೆರೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದೇ ಆಮೇಲೆ ಯಂತ್ರಕ್ಕೆ ಇಳಿಸುವುದು, ಮತ್ತು ಪ್ರತಿಯೊಂದಕ್ಕೂ ಅದರ ಅಗತ್ಯವನ್ನು ಹುಟ್ಟಿಸಿದ ಅಪರಾಧಿಯ ಹೆಸರನ್ನೇ ಇಡುವುದು. ಸಹಕಾರ ಸಂಘವೊಂದರ ಅಂಜನಪ್ಪನವರು ಕಂಪ್ಯೂಟರ್ ಸ್ವಚ್ಛ ಮಾಡುತ್ತೇನೆಂದು ಫೋಲ್ಡರುಗಳ ಜಾಗವನ್ನೆಲ್ಲ ಬದಲಾಯಿಸಿದ ವರ್ಷ ಹುಟ್ಟಿದ್ದು 'ಅಂಜನಪ್ಪ'. ಕಳೆದ ಚಿತ್ರಗಳನ್ನು ಹೊಸ ಜಾಗದಲ್ಲಿ ಹೆಸರು ಹಿಡಿದು ಹುಡುಕಿ ಮತ್ತೆ ಕೊಂಡಿ ಹಾಕುವುದು ಅದರ ಕೆಲಸ. "ಇದಕ್ಕೆ ಅಂಜನಪ್ಪನ್ನ ಓಡಿಸ್ಬೇಕು," ಎಂದು ಆಕೆ ಗಟ್ಟಿಯಾಗಿ ಹೇಳಿದ್ದನ್ನು, ಕೆಳಗೆ ದರ್ಜಿಯ ಬಳಿ ಅಂಗಿಯ ಅಳತೆ ಕೊಡುತ್ತಿದ್ದ ಸಾಕ್ಷಾತ್ ಅಂಜನಪ್ಪನವರು ಕೇಳಿಸಿಕೊಂಡು ಎರಡು ತಿಂಗಳು ಮಾತು ಬಿಟ್ಟಿದ್ದರಂತೆ. ನನ್ನ ಹೆಸರಿನ ಮ್ಯಾಕ್ರೊ ಕೂಡ ಒಂದಿದೆ. ಅದು ಆಶ್ಚರ್ಯಸೂಚಕ ಚಿಹ್ನೆಗಳನ್ನು ಅಳಿಸುತ್ತದೆ. ಓಡಿಸಿದರೆ ನನ್ನ ಬರಹ ಮೂರರಲ್ಲೊಂದು ಭಾಗ ಇಳಿಯುತ್ತದೆ. ಉಳಿದದ್ದು ಮೊದಲಿಗಿಂತ ಚೆನ್ನಾಗಿರುತ್ತದೆ ಎಂಬುದೇ ಅವಮಾನ.

ಕಳೆದ ವರ್ಷದ ಮುಂಗಾರಿಗೆ ಮುಂಚೆ ಬಡಿದ ಒಂದು ಸಿಡಿಲಿಗೆ ಶಿಲ್ಪಶ್ರೀಯ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಸಿಡಿಲಿಗೆ "ಮುಟ್ಟಿದ್ದು ಯಾರು" ಎಂದು ಕೇಳುವ ಹಾಗಿರಲಿಲ್ಲ. ಅದರ ಜೊತೆಗೆ ಹೋದವುಗಳಲ್ಲಿ ಮೂರು ತಾಲ್ಲೂಕುಗಳ ನಿವೃತ್ತ ಪ್ರಾಥಮಿಕ ಶಿಕ್ಷಕರ ಬಳಗದ ಕೈಪಿಡಿಯ ಫೋಟೋಗಳೂ ಇದ್ದವು. ಆರು ವರ್ಷದ ಹಿಂದೆ ಆಕೆಯೇ ಮಾಡಿಕೊಟ್ಟಿದ್ದ ಕೈಪಿಡಿ ಅದು: ಪುಟಕ್ಕೆ ಮೂವರಂತೆ ಮುನ್ನೂರ ಹನ್ನೆರಡು ಜನ, ಒಬ್ಬೊಬ್ಬರಿಗೂ ಒಂದು ಫೋಟೋ, ವಿಳಾಸ, ಫೋನ್ ನಂಬರು, ದುಡಿದ ಶಾಲೆಗಳ ಪಟ್ಟಿ. ಈಗ ಪರಿಷ್ಕೃತ ಆವೃತ್ತಿ ಬರಬೇಕಿತ್ತು. ಬರಹದ ಕಡತ ಬೇರೆಡೆ ಉಳಿದಿತ್ತು. ಫೋಟೋಗಳ ಇನ್ನೊಂದು ಪ್ರತಿ ಹೊಸನಗರದಲ್ಲಿ, ಬಳಗದ ಕಾರ್ಯದರ್ಶಿ ಜಟ್ಟಿಂಗಪ್ಪ ಮೇಷ್ಟ್ರ ಕಂಪ್ಯೂಟರಿನಲ್ಲಿತ್ತು.

ಎಪ್ಪತ್ತೆಂಟು ವಯಸ್ಸಿನ ಜಟ್ಟಿಂಗಪ್ಪ ಮೇಷ್ಟ್ರು ಹತ್ತೊಂಬತ್ತು ವರ್ಷಗಳಿಂದ ಕಾರ್ಯದರ್ಶಿ. ಶಿಲ್ಪಶ್ರೀಗೆ ಮೂರನೇ ತರಗತಿ ಕಲಿಸಿದವರು. ಮಕ್ಕಳ ಮುಖ ಮರೆತರೂ ಹಾಜರಿ ನಂಬರು ಮರೆಯದವರು. ಆಕೆಯನ್ನು ಇವತ್ತಿಗೂ 'ಹದಿನೇಳು' ಎಂದೇ ಕರೆಯುತ್ತಾರೆ. ಪೆನ್ ಡ್ರೈವನ್ನು ಬೀಗದ ಕೈಗೊಂಚಲಿಗೆ ಕೆಂಪು ದಾರದಲ್ಲಿ ಕಟ್ಟಿ, ಅಂಗಿಯ ಒಳಜೇಬಿನಲ್ಲಿಟ್ಟು, ಮೇಲೊಂದು ಪಿನ್ನು ಚುಚ್ಚಿ ಅವರು ಬಸ್ಸಿನಲ್ಲಿ ತಂದುಕೊಟ್ಟರು. ಶಿಲ್ಪಶ್ರೀ 'ಅಂಜನಪ್ಪ'ನನ್ನು ಓಡಿಸಿದಳು. ಮುಖಗಳು ಸಾಲಾಗಿ ಮರಳಿದವು. ಮೊದಲ ಮೂರ್ನಾಲ್ಕು ಪುಟ ನೋಡಿದಳು, ಸರಿ ಇತ್ತು. ಬೆಳಗಿನಿಂದ ಉರಿಯುತ್ತಿದ್ದ ಕಣ್ಣಿಗೆ ನೀರು ಹಾಕಿಕೊಂಡು, ಉಳಿದದ್ದೂ ಸರಿ ಇದ್ದೀತೆಂದು, ಅಕ್ಷರ ತಿದ್ದಲಿಕ್ಕೆ ಮಾತ್ರ ಎಂಬ ಟಿಪ್ಪಣಿಯೊಡನೆ ಕರಡನ್ನು ಬಳಗದ ಅಧ್ಯಕ್ಷರಾದ ತೀರ್ಥಹಳ್ಳಿಯ ಮುಕುಂದಯ್ಯನವರ ಫೋನಿಗೆ ಕಳಿಸಿದಳು. ಅವರು ಟಿಪ್ಪಣಿಯನ್ನೂ ಓದದೆ, ಕರಡನ್ನೂ ತೆರೆಯದೆ, ಅಧ್ಯಕ್ಷರಿಗೆ ಸಹಜವಾದ ಔದಾರ್ಯದಿಂದ ಇಡೀ ಬಳಗದ ವಾಟ್ಸಾಪ್ ಗುಂಪಿಗೆ ಹಂಚಿದರು.

ಮರುದಿನ ಬೆಳಗಾಗುವುದರೊಳಗೆ ಮೂರು ತಾಲ್ಲೂಕೂ ಹೊತ್ತಿಕೊಂಡಿತ್ತು. ಮುನ್ನೂರ ಹನ್ನೆರಡರಲ್ಲಿ ನಲವತ್ತೊಂದು ಚೌಕಗಳು ಖಾಲಿ, ಪ್ರತಿಯೊಂದರಲ್ಲೂ ಕೆಂಪು ಕಾಟು; ಮತ್ತು ಆ ನಲವತ್ತೊಂದು ಜನರೂ ಈ ಆರು ವರ್ಷಗಳಲ್ಲಿ ತೀರಿಕೊಂಡವರು. ಬದುಕಿದವರ ಮುಖ ನಗುನಗುತ್ತ ಇದೆ, ಸತ್ತವರಿಗೆ ಮಾತ್ರ ಹುಡುಕಿ ಹುಡುಕಿ ಕಾಟು. ಮೇಳಿಗೆಯ ಗಿರಿಯಪ್ಪ ಮೇಷ್ಟ್ರ ಮಗಳು ದೀಪಶ್ರೀ ಗುಂಪಿನಲ್ಲಿ ಒಂದೇ ಸಾಲು ಬರೆದಿದ್ದಳು: "ಅಪ್ಪ ನಿಮಗೆ ಏನು ಮಾಡಿದ್ದರು?" ಮುಕುಂದಯ್ಯನವರು ಕೂಡಲೇ ಭಾನುವಾರದ ಸಭೆಯ ಕಾರ್ಯಸೂಚಿಗೆ ಹೊಸದೊಂದು ವಿಷಯ ಸೇರಿಸಿದರು: ವಯಸ್ಸಿನ ಕಾರಣದಿಂದ ಕಾರ್ಯದರ್ಶಿಯವರನ್ನು ಹೊಣೆಯಿಂದ ಬಿಡುಗಡೆಗೊಳಿಸುವುದು.

ಆ ಶುಕ್ರವಾರ ನಾನು ನನ್ನ ಲೇಖನಕ್ಕಾಗಿ ಕಾಯುತ್ತ ಮೂಲೆಯ ಸ್ಟೂಲಿನ ಮೇಲಿದ್ದೆ. ಜಟ್ಟಿಂಗಪ್ಪ ಮೇಷ್ಟ್ರು ಬಂದವರು ಕೂರಲಿಲ್ಲ. ಮುಖ್ಯೋಪಾಧ್ಯಾಯರ ಕೋಣೆಗೆ ಕರೆಸಿಕೊಂಡ ಹುಡುಗನ ಹಾಗೆ ಕೊಡೆಯನ್ನು ಎರಡು ಕೈಯಲ್ಲಿ ಹಿಡಿದು ನಿಂತರು. ಹತ್ತೊಂಬತ್ತು ವರ್ಷ ಮನೆಮನೆಗೆ ಹೋಗಿ ಫೋಟೋ ಇಸಿದುಕೊಂಡ ಮನುಷ್ಯ, ಸತ್ತವರಿಗೆ ಅವಮಾನ ಮಾಡಿದವನೆಂದು ಹೊಣೆ ಬಿಟ್ಟಿಳಿಯಬೇಕಾಗಿ ಬಂದಿತ್ತು.

"ಎಂತ ಆಗಿದ್ದೇ ಹದಿನೇಳು?" ಎಂದರು.

ಶಿಲ್ಪಶ್ರೀ ಪೆನ್ ಡ್ರೈವ್ ತೆರೆದು ಫೋಟೋಗಳ ಪಟ್ಟಿಯನ್ನು ಮೊದಲ ಬಾರಿಗೆ ಮೇಲಿನಿಂದ ಕೆಳಗೆ ಓದತೊಡಗಿದಳು. ಮುನ್ನೂರ ಹನ್ನೆರಡೂ ಇದ್ದವು. ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಇಳಿಯುತ್ತ ಎಲ್ ಅಕ್ಷರಕ್ಕೆ ಬಂದಾಗ ಆಕೆಯ ಬೆರಳು ನಿಂತಿತು. ಅಲ್ಲೊಂದು ಜನಜಂಗುಳಿಯೇ ಇತ್ತು. ಲೇಟ್ ಗಿರಿಯಪ್ಪ ಮೇಳಿಗೆ. ಲೇಟ್ ಇಂಥವರು, ಲೇಟ್ ಅಂಥವರು. ಬೇರೆ ಬೇರೆ ಊರು, ಬೇರೆ ಬೇರೆ ಅಕ್ಷರಗಳಲ್ಲಿ ಚದುರಿ ಬದುಕಿದ್ದ ನಲವತ್ತೊಂದು ಜನ ಈಗ ಒಂದೇ ಅಕ್ಷರದ ನೆರಳಿನಲ್ಲಿ ಸೇರಿ ಕುಳಿತಿದ್ದರು. ಗಿರಿಯಪ್ಪ ಮೇಳಿಗೆ ಎಂಬ ಹೆಸರು ಹಿಡಿದು ಹೋದ 'ಅಂಜನಪ್ಪ'ನಿಗೆ ಆ ಹೆಸರಿನವರು ಯಾರೂ ಸಿಕ್ಕಿರಲಿಲ್ಲ.

"ಮೇಷ್ಟ್ರೇ, ಮುಟ್ಟಿದ್ದು ಯಾರು?" ಎಂದಳು. ಆ ಪ್ರಶ್ನೆಯನ್ನು ಅಷ್ಟು ಮೆಲ್ಲಗೆ ಕೇಳಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಯಾರ್ ಮುಟ್ತಾರೆ? ಆ ಕಂಪ್ಯೂಟ್ರಿಗೆ ನಾನು ಬಿಟ್ರೆ ಬೆಕ್ಕು. ಅದು ಬೆಚ್ಚಗಿದೆ ಅಂತ ಮೇಲೆ ಮಲಗ್ತದೆ ಅಷ್ಟೆ."

"ನೀವು?"

"ನಾನೆಂತಕ್ಕೆ ಮುಟ್ಲಿ? ಹೋದೋರ ಹೆಸ್ರಿನ ಹಿಂದೆ ಒಂದು ಲೇಟ್ ಸೇರ್ಸಿದೀನಿ. ಅದು ಮುಟ್ಟಿದ್ದಲ್ಲ ಮಾರಾಯ್ತಿ, ಮರ್ಯಾದೆ."

ಆಮೇಲೆ ಅವರೇ ಹೇಳಿದರು. ಬಳಗದ ಯಾರೇ ತೀರಿಕೊಂಡರೂ ಮಣ್ಣಿಗೆ ಹೋಗುತ್ತಾರೆ. ಬಸ್ಸಿಲ್ಲದ ಊರಾದರೆ ಯಾರದಾದರೂ ಬೈಕಿನ ಹಿಂದೆ ಕೂತು ಹೋಗುತ್ತಾರೆ. ಮನೆಗೆ ಬಂದು, ಹೊರಗೇ ನಿಂತು ತಲೆಗೆ ನೀರು ಹೊಯ್ದುಕೊಂಡು, ಒಗೆದ ಪಂಚೆ ಉಟ್ಟು, ಕಂಪ್ಯೂಟರಿನ ಮುಂದೆ ಕೂತು ಆ ಒಂದು ಫೋಟೋದ ಹೆಸರನ್ನು ತಿದ್ದುತ್ತಾರೆ. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ. ಅದಾದ ಮೇಲೆಯೇ ಕಾಫಿ. "ಸತ್ತೋರನ್ನ ಬದುಕಿದೋರ ಹಂಗೆ ಬರಿ ಹೆಸ್ರು ಹಿಡಿದು ಕರೀಬಾರ್ದಲ್ಲ," ಎಂದರು. ಎರಡು ವರ್ಷ ಮಹಾಮಾರಿಯ ಕಾಲದಲ್ಲಿ ಮಣ್ಣಿಗೆ ಹೋಗಲು ಬಿಡದಿದ್ದಾಗ, ಮನೆಯಲ್ಲೇ ಸ್ನಾನ ಮಾಡಿ ಬಂದು ಇದೊಂದನ್ನು ಮಾತ್ರ ಮಾಡಿದರಂತೆ.

ಶಿಲ್ಪಶ್ರೀಯ ಇಪ್ಪತ್ತೆರಡು ವರ್ಷದ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಕ್ಕಿರಲಿಲ್ಲ. ಅಪರಾಧಿ ಎದುರಿಗೇ ನಿಂತಿದ್ದಾರೆ, ತಪ್ಪನ್ನು ತಮ್ಮ ಬಾಯಿಂದಲೇ ಹೇಳುತ್ತಿದ್ದಾರೆ, ಅದು ತಪ್ಪೆಂದು ಅವರಿಗೊಬ್ಬರಿಗೇ ಗೊತ್ತಿಲ್ಲ. ಬೇರೆಯವರಾಗಿದ್ದರೆ ಆಕೆ ಬೆರಳಿಟ್ಟು ತೋರಿಸಿ, ಬೈದು, ಹಳಿದು, ಇನ್ನೊಮ್ಮೆ ಮೌಸ್ ಹಿಡಿಯದ ಹಾಗೆ ಮಾಡಿ ಕಳಿಸುತ್ತಿದ್ದಳು. ಬಾಯಿ ತೆರೆದದ್ದನ್ನು ನಾನು ನೋಡಿದೆ. ಕೋಟಿನ ಜೇಬಿನ ಮಸಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದಳು, ಬಾಯಿ ಮುಚ್ಚಿದಳು.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದಳು. "ಎಲ್ಲರೂ ಇಲ್ಲೇ ಇದಾರೆ. ಕರೀತೀನಿ."

ಗೆರೆ ಪುಸ್ತಕ ತೆಗೆದಳು. ಪೆನ್ಸಿಲಿನಲ್ಲಿ ಹತ್ತು ಹನ್ನೆರಡು ಸಾಲು: ಹೆಸರು ಸಿಗದಿದ್ದರೆ, ಹೆಸರಿನ ಹಿಂದೆ ಲೇಟ್ ಸೇರಿಸಿ ಹುಡುಕು; ಸಿಕ್ಕರೆ ಕೊಂಡಿ ಹಾಕು; ಆಮೇಲೆ ಕೊಂಡಿಯನ್ನು ಕಡಿದು ಚಿತ್ರವನ್ನು ಪುಟದೊಳಗೇ ಕೂರಿಸು. ಇನ್ನು ಮುಂದೆ ಯಾರು ಎಷ್ಟು ಮರ್ಯಾದೆ ಮಾಡಿದರೂ ಮುಖಗಳು ಹೋಗಬಾರದು. ಆಕೆಯ ಎಲ್ಲ ಮ್ಯಾಕ್ರೊಗಳ ಮೊದಲಿಗೂ ಕೆಲಸ ಮುಗಿಯುವ ತನಕ ಪರದೆಯನ್ನು ಅಲುಗಾಡದಂತೆ ನಿಲ್ಲಿಸುವ ಒಂದು ಆಜ್ಞೆ ಇರುತ್ತದೆ. ಅದರಿಂದ ಬೇಗ ಮುಗಿಯುತ್ತದೆ. ಈ ಸಲ ಆ ಸಾಲನ್ನು ಬರೆದು, ಒಂದು ಕ್ಷಣ ನೋಡಿ, ಅಳಿಸಿದಳು. ಒಂದು ಮುಖಕ್ಕೂ ಇನ್ನೊಂದಕ್ಕೂ ನಡುವೆ ಎರಡು ಸೆಕೆಂಡು ಕಾಯಬೇಕೆಂಬ ಇನ್ನೊಂದು ಸಾಲು ಸೇರಿಸಿದಳು.

ಓಡಿಸಿದಾಗ ಪುಟಗಳು ತಾವಾಗಿ ಸರಿಯತೊಡಗಿದವು. ಕಾಟಿದ್ದ ಕಡೆ ನಿಂತು, ಮುಖವೊಂದು ಬಂದು, ಮತ್ತೆ ಮುಂದಕ್ಕೆ. ಜಟ್ಟಿಂಗಪ್ಪ ಮೇಷ್ಟ್ರು ಕುರ್ಚಿಯ ತುದಿಗೆ ಬಂದು ಕೂತರು. ಗಿರಿಯಪ್ಪನವರ ದಪ್ಪ ಕನ್ನಡಕ ಕಾಣುತ್ತಲೇ, "ಹ್ಞಾಂ, ಬಂದ್ರಾ?" ಎಂದರು. ಮುಂದಿನವರಿಗೆ ಬರೀ ತಲೆಯಾಡಿಸಿದರು. ಇನ್ನೊಬ್ಬರಿಗೆ, "ಇವ್ರು ಯಾವಾಗ್ಲೂ ಬೆಲ್ ಹೊಡೆದ ಮೇಲೇ ಬರೋದು," ಎಂದು ಗೊಣಗಿದರು. ಹೀಗೆ ನಲವತ್ತೊಂದು ಹಾಜರಿ. ನಾನು ಹಾಸ್ಯದವನು, ಇಂಥ ಕಡೆ ಏನಾದರೂ ತಮಾಷೆ ಹೇಳಬೇಕೆಂದು ಜನ ನಿರೀಕ್ಷಿಸುತ್ತಾರೆ. ನಾನು ಸ್ಟೂಲನ್ನು ಸದ್ದಾಗದಂತೆ ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

ಕೊನೆಗೆ ಶಿಲ್ಪಶ್ರೀ, ಹಿಂದೆ ಮಾಡಿದ ತಪ್ಪನ್ನು ಮತ್ತೆ ಮಾಡಬಾರದೆಂದು, ಮೊದಲ ಪುಟದಿಂದ ಕಡೆಯವರೆಗೆ ಒಂದೊಂದನ್ನೂ ತಿರುವಿದಳು. ಎಪ್ಪತ್ತೆರಡನೇ ಪುಟದಲ್ಲಿ ನಿಂತಳು. ಅಲ್ಲಿ ಮೊದಲಿನಿಂದಲೂ ಕಾಟಿರಲಿಲ್ಲ; 'ಅಂಜನಪ್ಪ'ನ ಮೊದಲ ಸುತ್ತಿನಲ್ಲೇ ಮುಖ ಬಂದುಬಿಟ್ಟಿತ್ತು. ಮೂಗುತಿಯ ತುಂಬು ಮುಖದ ಹೆಂಗಸು. ವರದಮ್ಮ ಜೆ., ನಿವೃತ್ತ ಸಹಶಿಕ್ಷಕಿ. ಬ್ಯಾಕೋಡಿನ ಕಡೆ ಹತ್ತು ವರ್ಷ, ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಹೋಗಿ ಬಂದು ಪಾಠ ಮಾಡಿದವರು. ಕೆಳಗೆ ಹೊಸನಗರದ ವಿಳಾಸ, ಜಟ್ಟಿಂಗಪ್ಪ ಮೇಷ್ಟ್ರದೇ ಫೋನ್ ನಂಬರು. ವರದಮ್ಮ ಅವರ ಹೆಂಡತಿ. ತೀರಿಕೊಂಡು ಎರಡು ವರ್ಷವಾಗಿತ್ತು. ಶಿಲ್ಪಶ್ರೀಯೇ ಹೋಗಿ ನೋಡಿಕೊಂಡು ಬಂದಿದ್ದಳು. ಫೋಟೋದ ಹೆಸರಿನ ಹಿಂದೆ ಏನೂ ಇರಲಿಲ್ಲ. ಮೇಷ್ಟ್ರು ಬರೆದುಕೊಟ್ಟ ತಿದ್ದುಪಡಿಯ ಹಾಳೆಯಲ್ಲಿ 'ದಿ.' ಸೇರಿಸಬೇಕಾದ ನಲವತ್ತೊಂದು ಹೆಸರುಗಳಿದ್ದವು; ಇದೊಂದು ಇರಲಿಲ್ಲ.

"ಮೇಷ್ಟ್ರೇ, ಈ ಪುಟ..."

ಅವರು ಪರದೆಯನ್ನು ನೋಡಿದರು. ಕೂಡಲೇ ಕಣ್ಣು ಸರಿಸಿದರು.

"ಅದು ಮೊದ್ಲೇ ಬಂದಿತ್ತಲ್ಲೇ. ಸರಿ ಇರೋದನ್ನ ಎಂತಕ್ಕೆ ಮುಟ್ಟೋದು?" ಎಂದು ಎದ್ದು ಕೊಡೆ ಹುಡುಕಿದರು. ಕೊಡೆ ಅವರ ಕೈಯಲ್ಲೇ ಇತ್ತು.

ಭಾನುವಾರ ತೀರ್ಥಹಳ್ಳಿಯಲ್ಲಿ ಸಭೆ. ಎರಡು ಮಾತು ಆಡಲಿಕ್ಕೆ ಬೇರೆ ಅತಿಥಿ ಸಿಗದೆ ನನ್ನನ್ನು ಕರೆದಿದ್ದರು. ಹೊಸ ಕರಡಿನ ಐದು ಪ್ರತಿಗಳನ್ನು ಶಿಲ್ಪಶ್ರೀ ಮೇಜಿನ ಮೇಲಿಟ್ಟಿದ್ದೇ ತಡ, ಇನ್ನೂರು ನಿವೃತ್ತ ಶಿಕ್ಷಕರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ಸರ್ಕಾರ ಅವರಿಂದ ಎಲ್ಲವನ್ನೂ ಹಿಂದಕ್ಕೆ ಪಡೆದಿರಬಹುದು, ಆ ಪೆನ್ನನ್ನು ಪಡೆದಿಲ್ಲ. ಪ್ರತಿಗಳು ಸಾಲಿನಿಂದ ಸಾಲಿಗೆ ಸಾಗಿದವು. ದೀಪಶ್ರೀ ತನ್ನ ತಂದೆಯ ಪುಟ ತೆರೆದು, ಫೋಟೋದ ಕನ್ನಡಕದ ಮೇಲೆ ಒಮ್ಮೆ ಬೆರಳಾಡಿಸಿ, ಪಕ್ಕದವರಿಗೆ ದಾಟಿಸಿದಳು.

ಮುಕುಂದಯ್ಯನವರು ಮೈಕು ಹಿಡಿದರು. "ಫೋಟೋ ಬಂದದ್ದು ಸಂತೋಷ. ಆದ್ರೆ ಹಿಂದೆ ಸತ್ತವರಿಗೆ ಮಾತ್ರ ಕಾಟು ಬಿದ್ದದ್ದು ಹೇಗೆ? ಫೋಟೋ ಇದ್ದದ್ದು ಜಟ್ಟಿಂಗಪ್ಪನೋರ ಹತ್ರ. ನಾನು ಯಾರನ್ನೂ ದೂರೋದಿಲ್ಲ. ಬಲ್ಲವರು ಇಲ್ಲೇ ಇದಾರೆ. ಏನಮ್ಮ, ನೀವೇ ಹೇಳಿ, ಮುಟ್ಟಿದ್ದು ಯಾರು?"

ಸಭೆಯಲ್ಲಿ ಸಣ್ಣ ನಗೆಯೆದ್ದಿತು. ಅಲ್ಲಿದ್ದ ಅರ್ಧದಷ್ಟು ಜನ ಒಂದಲ್ಲ ಒಂದು ದಿನ ಆ ಪ್ರಶ್ನೆಗೆ ಗುರಿಯಾದವರು. ಅದು ಈಗ ಅವಳಿಗೇ ತಿರುಗಿ ಬಂದಿತ್ತು. ಮುಂದಿನ ಸಾಲಿನಲ್ಲಿ ಜಟ್ಟಿಂಗಪ್ಪ ಮೇಷ್ಟ್ರು ಒಳಜೇಬಿನ ಪಿನ್ನನ್ನು ಬಿಚ್ಚುತ್ತಿದ್ದರು. ಪೆನ್ ಡ್ರೈವನ್ನು ಹೊಸ ಕಾರ್ಯದರ್ಶಿಗೆ ಒಪ್ಪಿಸಲು ತಯಾರಾಗಿಯೇ ಬಂದಿದ್ದರು.

ಶಿಲ್ಪಶ್ರೀ ಎದ್ದು ನಿಂತಳು. ಖಾಕಿ ಕೋಟಿನ ಗುಂಡಿ ಹಾಕಿಕೊಂಡಳು.

"ಯಾರೂ ಮುಟ್ಟಿಲ್ಲ ಸಾರ್," ಎಂದಳು. "ತಾನಾಗೇ ಹಂಗಾಯ್ತು."

ಸಿಡಿಲು ಬಡಿದ ಹಾಗಾದದ್ದು ನನಗೊಬ್ಬನಿಗೇ ಇರಬೇಕು. ಮುಕುಂದಯ್ಯನವರು, "ಕಂಪ್ಯೂಟರ್ ಅಂದ್ರೆ ಹಂಗೇ ಬಿಡಿ, ನಂಬೋ ಹಾಗಿಲ್ಲ," ಎಂದು ಮುಂದಿನ ವಿಷಯಕ್ಕೆ ಹೋದರು. ಕಾರ್ಯದರ್ಶಿಯ ಬಿಡುಗಡೆಯ ಪ್ರಸ್ತಾಪವನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರು ಪಿನ್ನನ್ನು ಮತ್ತೆ ಚುಚ್ಚಿಕೊಂಡರು.

ಸಂಜೆ ಸಾಗರದ ಬಸ್ಸಿನಲ್ಲಿ ಆಕೆ ಐದೂ ಪ್ರತಿಗಳನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುಪಡಿಗಳನ್ನು ನೋಡುತ್ತಿದ್ದಳು. ಒಂದು ಪುಟವೂ ಕೆಂಪಾಗದೆ ಉಳಿದಿರಲಿಲ್ಲ. ಪಿನ್ ಕೋಡಿನ ಅಂಕಿ ತಿದ್ದಿದ್ದರು, ಅಲ್ಪವಿರಾಮ ತಿದ್ದಿದ್ದರು, ಕೈಪಿಡಿಗೆಂದು ನಾನು ಬರೆದುಕೊಟ್ಟಿದ್ದ ಮುನ್ನುಡಿಯಲ್ಲಿ ಹದಿನಾಲ್ಕು ತಪ್ಪು ಹಿಡಿದು ಕೊನೆಗೆ 'ಸಾಧಾರಣ' ಎಂದು ಬರೆದಿದ್ದರು. ಎಪ್ಪತ್ತೆರಡನೇ ಪುಟಕ್ಕೆ ಬಂದಾಗ ಆಕೆ ಐದನ್ನೂ ಒಂದರ ಪಕ್ಕ ಒಂದಿಟ್ಟು ನನಗೆ ತೋರಿಸಿದಳು. ಆ ಪುಟದ ಮೇಲಿನ ಹೆಸರಿನ ವಿಳಾಸವನ್ನು ತಿದ್ದಿದ್ದರು; ಕೆಳಗಿನ ಹೆಸರಿನ ಶಾಲೆಯನ್ನು ತಿದ್ದಿದ್ದರು. ನಡುವೆ ವರದಮ್ಮನವರ ಸುತ್ತ, ಐದು ಪ್ರತಿಗಳಲ್ಲೂ, ಒಂದು ಚುಕ್ಕೆ ಕೆಂಪಿರಲಿಲ್ಲ. ಅವರ ಮಣ್ಣಿಗೆ ಹೋಗಿದ್ದವರು ಆ ಸಭೆಯಲ್ಲಿ ನೂರಕ್ಕೆ ಕಡಿಮೆ ಇರಲಿಲ್ಲ.

"ಹೊಸ ಮ್ಯಾಕ್ರೊಗೆ ಯಾರ ಹೆಸರು ಇಟ್ರಿ?" ಎಂದು ಕೇಳಿದೆ. ಕೇಳಬಾರದಿತ್ತು.

ಆಕೆ ಚೀಲದಿಂದ ಗೆರೆ ಪುಸ್ತಕ ತೆಗೆದು ಕೊಟ್ಟು, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಹನ್ನೆರಡು ಸಾಲು ಪೆನ್ಸಿಲಿನ ಬರಹ. ಮೇಲೆ ಹೆಸರಿನ ಜಾಗ ಖಾಲಿ.

ಪ್ರತಿ ಪೇಟೆಯಲ್ಲೂ, ಯಾವುದಾದರೊಂದು ಅಂಗಡಿಯ ನೆತ್ತಿಯ ಮೇಲೆ, ಇಂಥವರೊಬ್ಬರು ಕಣ್ಣುರಿ ಹಚ್ಚಿಕೊಂಡು ಕುಳಿತಿರುತ್ತಾರೆ. ನಮ್ಮ ಕಡಿದ ಕೊಂಡಿಗಳನ್ನೆಲ್ಲ ಸೇರಿಸಿಕೊಡುವ ಅವರ ಹೆಸರು ಯಾವ ಪುಟದಲ್ಲೂ ಅಚ್ಚಾಗುವುದಿಲ್ಲ, ಕೆಲಸ ಸರಿಯಾದ ದಿನ ಅವರ ನೆನಪೂ ನಮಗಾಗುವುದಿಲ್ಲ. ನಾವು ಏನನ್ನು ಮುಟ್ಟಿದೆವು, ಯಾವಾಗ ಮುಟ್ಟಿದೆವು, ಏಕೆ ಸುಳ್ಳು ಹೇಳಿದೆವು ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಗದರುತ್ತಾರೆ, ಗೊಣಗುತ್ತಾರೆ, ಸರಿ ಮಾಡಿ ಕೊಡುತ್ತಾರೆ. ಅದನ್ನು ಜಾಣತನವೆನ್ನೋಣ, ಅದಕ್ಕೆ ಯಂತ್ರವೂ ಸಾಕು. ಆದರೆ ಮುನ್ನೂರು ತಪ್ಪುಗಳನ್ನು ತಿದ್ದಿ ದಣಿದ ಬೆರಳು, ಎಲ್ಲ ಗೊತ್ತಿದ್ದೂ, ಮುನ್ನೂರ ಒಂದನೆಯದರ ಮುಂದೆ ಬಂದು ಸುಮ್ಮನೆ ನಿಂತುಬಿಡುತ್ತದಲ್ಲ, ಅದನ್ನು ಬರೆದಿಡಲು ಪೆನ್ಸಿಲಿನಲ್ಲೂ ಸಾಲಿಲ್ಲ.